ಅಮ್ಮನ ಕಣ್ಣಿನ ಆಪರೇಷನ್ ಹೊತ್ತಿಗೆ ಹಾಡು ಕೇಳಿಸಬಹುದಾ? ಅನುಭವ ಇದ್ದವರು ಹೇಳಿ

ಕುವೆಂಪುನಗರ (ಕೇಳಿದವರು): ಅಮ್ಮನಿಗೆ 68. ಮುಂದಿನ ತಿಂಗಳು ಎಡಗಣ್ಣಿನ ಪೊರೆ ತೆಗೆಸಬೇಕು. ಬಲಗಣ್ಣಿನ ಸಲ ಟೇಬಲ್ ಮೇಲೆ ಮಲಗಿಸುತ್ತಲೇ ಬಿಪಿ ಏರಿ ಮುಂದಕ್ಕೆ ಹಾಕಿದ್ದರು. ಎಚ್ಚರ ಇರುತ್ತಾರಲ್ವಾ, ಮೆಲ್ಲಗೆ ಹಾಡು ಹಾಕಿದರೆ ಹೆದರಿಕೆ ಕಡಿಮೆ ಆಗುತ್ತಾ?

ಸರಸ್ವತಿಪುರಂ: ನನ್ನ ಕಥೆ ಕೇಳಿ. ಸೊಂಟದ ಎಂಆರ್‌ಐಗೆ ಅಂತಲೇ ದೇವರಾಜ ಅರಸು ರಸ್ತೆಯಲ್ಲಿ 2,490 ರೂಪಾಯಿ ಕೊಟ್ಟು ಹೆಡ್‌ಫೋನ್ ತಗೊಂಡೆ. ಬಾಗಿಲಲ್ಲೇ ತೆಗೆಸಿದರು. ಒಳಗೆ ಅಯಸ್ಕಾಂತ, ಕಬ್ಬಿಣ ಸೇರಿದ್ದು ಯಾವುದೂ ಹೋಗುವಂತಿಲ್ಲ. ಅವರದ್ದೇ ಒಂದು ಕೊಟ್ಟರು, ಪ್ಲಾಸ್ಟಿಕ್ ಕೊಳವೆಯಲ್ಲಿ ಸದ್ದು ಬರುವಂಥದ್ದು. ಅದರಲ್ಲಿ ಯಾವುದೋ ಕುಣಿಯುವ ಹಾಡು! ಮಿಷನ್ ಟಕಟಕ ಶುರುವಾದರೆ 100 ಡೆಸಿಬಲ್ ದಾಟುತ್ತದೆ, ಹಾಡು ಎಲ್ಲಿ ಕೇಳಬೇಕು? ಎಂಟನೇ ನಿಮಿಷಕ್ಕೆ ಕೈಲಿದ್ದ ರಬ್ಬರ್ ಚೆಂಡು ಒತ್ತಿ ಹೊರಗೆ ಬಂದೆ. ಇನ್ನೊಂದು ದಿನ ಮತ್ತೆ 6,500, ಆಟೋಗೆ 180, ರಜೆ ಒಂದು. ಅಂಗಡಿಯವನು ಹೆಡ್‌ಫೋನ್ ವಾಪಸ್ ತಗೊಳ್ಳಲಿಲ್ಲ.

ಮಂಡ್ಯ: ಎಂಟು ನಿಮಿಷಕ್ಕೇ ಇಷ್ಟು ಗೋಳಾ? ನಮ್ಮ ಮಾವನವರದು ಡಯಾಲಿಸಿಸ್. ವಾರಕ್ಕೆ ಮೂರು ಸಲ, ಸಲಕ್ಕೆ 4 ಗಂಟೆ, ಎರಡು ವರ್ಷ. ಮೊದಮೊದಲು ಸೂಜಿ ನೋಡಿದರೆ ಕೈ ಎಳೆದುಕೊಳ್ಳುತ್ತಿದ್ದರು. ವೀಣೆಯಲ್ಲಿ ನೀಲಾಂಬರಿ ಹಾಕಿಕೊಟ್ಟೆ. ಮಗು ಮಲಗಿಸುವ ರಾಗ ಅಲ್ವಾ, ಮೂರನೇ ವಾರಕ್ಕೆ ಗೊರಕೆ! ಪಕ್ಕದ ಬೆಡ್‌ನವರ ಮಗ ಮಾತ್ರ ಫೋನಿನ ಸ್ಪೀಕರ್‌ನಲ್ಲೇ ತಮಟೆ ಬಾರಿಸುತ್ತಿದ್ದ. ನಾನೂ ಬಿಡಲಿಲ್ಲ, ವಾರ್ಡೆಲ್ಲ ಕೇಳುವ ಹಾಗೆ ಜಗಳ ಆಡಿದೆ.

ಟಿ. ನರಸೀಪುರ: ನಾನು ನರ್ಸ್, 14 ವರ್ಷ ಆಪರೇಷನ್ ಥಿಯೇಟರ್‌ನಲ್ಲಿ ಕೆಲಸ. ರಾಗಕ್ಕೆ ಗೊರಕೆ ಬಂತು ಅನ್ನೋದು ಬಿಡಿ, ಡಯಾಲಿಸಿಸ್‌ನಲ್ಲಿ ಸುಸ್ತಿಗೇ ಎಷ್ಟೋ ಜನ ನಿದ್ದೆ ಹೋಗುತ್ತಾರೆ. ಹಾಗಂತ ಹಾಡು ದಂಡ ಅಲ್ಲ. 2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 73 ಪ್ರಯೋಗ ಒಟ್ಟಿಗೆ ಸೇರಿಸಿ ನೋಡಿದ್ದರು. ಹಾಡು ಕೇಳಿದವರಿಗೆ ಆಪರೇಷನ್ ಆದಮೇಲೆ ನೋವು, ಆತಂಕ, ನೋವಿನ ಔಷಧಿ ಮೂರೂ ಕಡಿಮೆ. ಆಸ್ಪತ್ರೆಯಲ್ಲಿ ಇರುವ ದಿನ ಮಾತ್ರ ಕಡಿಮೆ ಆಗಲಿಲ್ಲ. ಅರಿವಳಿಕೆ ಬದಲಿಗೆ ಹಾಡು ಅಂತ ಯಾರೂ ತಿಳಿಯಬೇಡಿ.

ಮಂಡ್ಯ: ಸುಸ್ತಿಗಂತೆ! ಮಲಗಿದ್ದು ನಿಮ್ಮ ಮಾವನಾ, ನಮ್ಮ ಮಾವನಾ?

ಸರಸ್ವತಿಪುರಂ: ವೀಣೆನೇ ಯಾಕೆ? ನಮ್ಮ ಮೈಸೂರಿನ ಚೌಡಯ್ಯನವರ ಪಿಟೀಲು ಇಲ್ವಾ?

ಟಿ. ನರಸೀಪುರ: ಚೌಡಯ್ಯನವರು ಹುಟ್ಟಿದ್ದು ನಮ್ಮ ತಿರುಮಕೂಡಲಿನಲ್ಲಿ. ಏಳು ತಂತಿಯ ಪಿಟೀಲಿಗೆ ಹೆಸರಾದದ್ದೆಲ್ಲ ಆಮೇಲೆ.

ಕುವೆಂಪುನಗರ (ಕೇಳಿದವರು): ಕಣ್ಣಿನ ವಿಷಯ ಯಾರಾದರೂ ಹೇಳ್ತೀರಾ?

ಹೂಟಗಳ್ಳಿ: ನಮ್ಮಮ್ಮನಿಗೆ ಹೋದ ಶ್ರಾವಣದಲ್ಲಿ ಆಯಿತು. ಡಾಕ್ಟರನ್ನು ಮೊದಲೇ ಕೇಳಿದೆವು. ಇಯರ್‌ಫೋನ್ ಬೇಡ, ‘ಬೆಳಕು ನೋಡಿ, ಅಲುಗಾಡಬೇಡಿ’ ಅಂದದ್ದು ಕೇಳಿಸಬೇಕು ಅಂದರು. ರೂಮಿನಲ್ಲೇ ಮೆಲ್ಲಗೆ ಹಾಕಿಸಿದರು. ತಪ್ಪು ನಮ್ಮದೇ. ಅಮ್ಮನಿಗೆ ಬಾಯಿಪಾಠ ಇರುವ ದೇವರನಾಮ ಕೊಟ್ಟಿದ್ದೆವು. ಎರಡನೇ ಸಾಲಿಗೇ ತಾಳಕ್ಕೆ ತಲೆ ಆಡಿಸಿದರು. ಡಾಕ್ಟರ್ ಕೈ ಹಿಂದಕ್ಕೆ ತಗೊಂಡು ‘ಅಮ್ಮಾ, ಕಚೇರಿ ಆಮೇಲೆ’ ಅಂದರಂತೆ. ನೀವು ಮಾತಿಲ್ಲದ, ನಿಧಾನದ್ದು ಹಾಕಿಸಿ. ಒಂದು ವಾರ ಮುಂಚೆಯೇ ಮನೆಯಲ್ಲಿ ಅದನ್ನೇ ಕೇಳಿಸಿ.

ಮಂಡ್ಯ: ನಾನು ಹೇಳಿದ್ದೂ ಅದೇ. ನೀಲಾಂಬರಿ.