ಮಹಾಯೋಜನೆಯ ಕರಡು ನಕ್ಷೆಯಲ್ಲಿ ನಮ್ಮ ತೋಟದ ಮೇಲೆ ರಸ್ತೆ: ಆಕ್ಷೇಪಣೆ ಹೇಗೆ ಸಲ್ಲಿಸಬೇಕು?

ಪ್ರಶ್ನೆ (ತೋಟದಮನೆ)

ಮಾನ್ಯರೇ, ನಮ್ಮ ತಾಲ್ಲೂಕು ಕೇಂದ್ರದ ಸ್ಥಳೀಯ ಯೋಜನಾ ಪ್ರದೇಶಕ್ಕೆ ಪರಿಷ್ಕೃತ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾಗಿದೆ. ಪಟ್ಟಣದ ಅಂಚಿನಲ್ಲಿರುವ ನಮ್ಮ ಅಡಿಕೆ ತೋಟವು ಹಳದಿ ಬಣ್ಣದ ವಸತಿ ವಲಯಕ್ಕೆ ಸೇರಿದ್ದಲ್ಲದೆ, ತೋಟದ ನಡುವೆಯೇ 18 ಮೀಟರ್ ಅಗಲದ ರಸ್ತೆಯೊಂದನ್ನು ಗುರುತಿಸಲಾಗಿದೆ. ಪುರಸಭೆಯ ಸದಸ್ಯರೊಬ್ಬರನ್ನು ವಿಚಾರಿಸಿದಾಗ, ಈ ನಕ್ಷೆಯನ್ನು ತಾವೂ ಈಗಷ್ಟೇ ನೋಡುತ್ತಿರುವುದಾಗಿ ಹೇಳಿದರು. ಹಾಗಾದರೆ ಇದನ್ನು ನಿರ್ಧರಿಸಿದವರು ಯಾರು? ನಾವು ಸಾಗುವಳಿ ನಿಲ್ಲಿಸಬೇಕಾಗುತ್ತದೆಯೇ? ಆಕ್ಷೇಪಣೆಗೆ ನಿಜಕ್ಕೂ ಬೆಲೆ ಇದೆಯೇ?

ಉತ್ತರ 1 (ನಕ್ಷೆಗಾರ)

ವಲಯದ ಬಣ್ಣ ಬದಲಾದ ಮಾತ್ರಕ್ಕೆ ಸಾಗುವಳಿ ನಿಲ್ಲಿಸಬೇಕಿಲ್ಲ. ಆ ಆತಂಕ ಬೇಡ. ಕಟ್ಟಡ ಅಥವಾ ಬಡಾವಣೆಗೆ ಅನುಮತಿ ಕೇಳುವಾಗ ಮಾತ್ರ ಮಹಾಯೋಜನೆ ಅಡ್ಡ ಬರುತ್ತದೆ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಮಹಾಯೋಜನೆಯನ್ನು ಸಿದ್ಧಪಡಿಸುವುದು ಯೋಜನಾ ಪ್ರಾಧಿಕಾರ, ಅಂತಿಮ ಅನುಮೋದನೆ ನೀಡುವುದು ರಾಜ್ಯ ಸರ್ಕಾರ. ಮೊದಲು ಪ್ರಸ್ತುತ ಭೂ ಬಳಕೆಯ ಸಮೀಕ್ಷೆ ನಡೆಯುತ್ತದೆ. ಅನಂತರ ಮುಂದಿನ ಜನಸಂಖ್ಯೆಯನ್ನು ಅಂದಾಜಿಸಿ, ಅದಕ್ಕೆ ಬೇಕಾಗುವ ವಸತಿ, ವಾಣಿಜ್ಯ, ಕೈಗಾರಿಕೆ ಮತ್ತು ರಸ್ತೆಗಳ ವಿಸ್ತೀರ್ಣವನ್ನು ಲೆಕ್ಕ ಹಾಕಿ ನಕ್ಷೆಯಲ್ಲಿ ಹಂಚುತ್ತಾರೆ. ಆದ್ದರಿಂದ ಮೊದಲ ಹಂತದ ಸಮೀಕ್ಷೆಯಲ್ಲಿ ತಪ್ಪಾದರೆ ಅದು ಕೊನೆಯವರೆಗೂ ಹಾಗೆಯೇ ಸಾಗುತ್ತದೆ.

ತಾವು ಮಾಡಬೇಕಾದ ಮೊದಲ ಕೆಲಸವೆಂದರೆ, ಪ್ರಸ್ತಾವಿತ ನಕ್ಷೆಯನ್ನು ಬದಿಗಿಟ್ಟು, ಅದರ ಜೊತೆಗಿರುವ ಪ್ರಸ್ತುತ ಭೂ ಬಳಕೆ ನಕ್ಷೆಯಲ್ಲಿ ತಮ್ಮ ಸರ್ವೆ ನಂಬರನ್ನು ಹುಡುಕುವುದು. ಫಸಲು ಕೊಡುತ್ತಿರುವ ತೋಟವನ್ನು ಅಲ್ಲಿ ಖಾಲಿ ಜಾಗವೆಂದು ತೋರಿಸಿದ್ದರೆ, ಅಥವಾ ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿರುವ ಹಳ್ಳವೊಂದು ಕರಡಿನಲ್ಲಿ ಕಾಣೆಯಾಗಿದ್ದು ಅದರ ಮೇಲೆಯೇ ರಸ್ತೆ ಹಾದುಹೋಗಿದ್ದರೆ, ಅದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೊಂದಿಲ್ಲ. ‘ನಮಗೆ ಅನ್ಯಾಯವಾಗಿದೆ’ ಎಂಬ ಒಂದು ಸಾಲಿನ ಅರ್ಜಿಗಳು ಕಡತದಲ್ಲೇ ಉಳಿಯುತ್ತವೆ. ಪಹಣಿ, ಸರ್ವೆ ಸ್ಕೆಚ್ ಮತ್ತು ಗ್ರಾಮ ನಕ್ಷೆಯ ಪ್ರತಿಗಳನ್ನು ಲಗತ್ತಿಸಿ, ರಸ್ತೆಗೆ ಬದಲಿ ಮಾರ್ಗವನ್ನೂ ಸೂಚಿಸಿ.

ಉತ್ತರ 2 (ನ್ಯಾಯವಾದಿ)

ಸದರಿ ಕಾಯ್ದೆಯ 13ನೇ ಪ್ರಕರಣದಂತೆ (ಸೆಕ್ಷನ್) ಸಾರ್ವಜನಿಕರ ಅಭಿಪ್ರಾಯಕ್ಕೆ ಕರಡು ಪ್ರಕಟವಾದ ದಿನದಿಂದ 60 ದಿನಗಳ ಅವಕಾಶವಿದೆ. ಆಕ್ಷೇಪಣೆ ಸಲ್ಲಿಸಿದ್ದಕ್ಕೆ ತಪ್ಪದೆ ಸ್ವೀಕೃತಿ ಪಡೆಯಿರಿ. ಮುಂದೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಮೊದಲು ಕೇಳುವುದು ಅದನ್ನೇ. 69ನೇ ಪ್ರಕರಣವನ್ನೂ ಓದಿಕೊಳ್ಳಿ: ನಿರ್ದಿಷ್ಟ ಉದ್ದೇಶಕ್ಕೆ ಗೊತ್ತುಪಡಿಸಿದ ಜಮೀನನ್ನು, ಮಹಾಯೋಜನೆ ರಾಜ್ಯಪತ್ರದಲ್ಲಿ ಪ್ರಕಟವಾದ ಐದು ವರ್ಷಗಳೊಳಗೆ ಒಪ್ಪಂದದ ಮೂಲಕ ಪಡೆಯದಿದ್ದರೆ ಅಥವಾ ಭೂಸ್ವಾಧೀನ ಪ್ರಕ್ರಿಯೆ ಆರಂಭಿಸದಿದ್ದರೆ, ಹಾಗೆ ಗೊತ್ತುಪಡಿಸಿದ್ದು ರದ್ದಾದಂತೆ.

ಒಮ್ಮೆ ಅಂತಿಮವಾದ ಯೋಜನೆಯನ್ನು ಸರ್ಕಾರವೂ ಮನಬಂದಂತೆ ಬದಲಿಸಲಾಗದು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಹಂಚಿದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದಾಗ, ಸುಪ್ರೀಂ ಕೋರ್ಟ್ 1991ರಲ್ಲಿ ನಿವಾಸಿಗಳ ಪರವಾಗಿಯೇ ತೀರ್ಪು ನೀಡಿತು. ಆದರೆ ಇದೇ ಮಾತು ತಮಗೆ ವಿರುದ್ಧವಾಗಿಯೂ ಕೆಲಸ ಮಾಡುತ್ತದೆ. ನಕ್ಷೆ ಅಂತಿಮವಾದ ಮೇಲೆ ರಸ್ತೆಯ ಗೆರೆಯನ್ನು ಅಳಿಸುವುದು ಬಹಳ ಕಷ್ಟ.

ಉತ್ತರ 3 (ಊರಿನ ಬಾಧ್ಯಸ್ಥ)

ಪುರಸಭಾ ಸದಸ್ಯರ ಮಾತು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ಸಂವಿಧಾನದ 74ನೇ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯ ಮೊದಲ ವಿಷಯವಾಗಿಯೇ ಪಟ್ಟಣ ಯೋಜನೆಯನ್ನು ಹೆಸರಿಸಿದೆ; ಅದನ್ನು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸುವುದು ಮಾತ್ರ ರಾಜ್ಯಗಳ ಇಚ್ಛೆಗೆ ಬಿಟ್ಟದ್ದು. ನಮ್ಮಲ್ಲಿ ಅಧಿಕಾರವು ಪ್ರಾಧಿಕಾರಗಳ ಕೈಯಲ್ಲಿಯೇ ಉಳಿಯಿತು. ಚರಂಡಿ ಕಟ್ಟಿಕೊಂಡರೆ ಬೈಗುಳ ತಿನ್ನುವವರು ಚುನಾಯಿತ ಸದಸ್ಯರು, ಆ ಚರಂಡಿ ಎಲ್ಲಿಗೆ ಹರಿಯಬೇಕೆಂದು ಗೆರೆ ಎಳೆಯುವವರು ಬೇರೆಯವರು! ದೊಡ್ಡ ಊರಿನ ಕಥೆಯೂ ಹೆಚ್ಚು ಭಿನ್ನವಲ್ಲ: ಬೆಂಗಳೂರಿಗಾಗಿ 2017ರಲ್ಲಿ ಹೊರಬಂದ 2031ರ ಕರಡು ಮಹಾಯೋಜನೆಯನ್ನು ಸರ್ಕಾರ ಅನಂತರ ಹಿಂಪಡೆಯಿತು, 2007ರಲ್ಲಿ ಒಪ್ಪಿಗೆ ಪಡೆದ ಯೋಜನೆಯೇ ತನ್ನ ಗುರಿವರ್ಷವಾದ 2015ನ್ನು ದಾಟಿ ಮುಂದುವರಿಯಿತು.

ಹಾಗೆಂದು ಪುರಸಭೆಯನ್ನು ಬಿಟ್ಟುಬಿಡಬೇಡಿ. ಅದೇ ರಸ್ತೆಗೆ ಜಮೀನು ಕಳೆದುಕೊಳ್ಳುವ ಅಕ್ಕಪಕ್ಕದವರೆಲ್ಲ ಪ್ರತ್ಯೇಕವಾಗಿ ಅರ್ಜಿ ಕೊಡಲಿ; ಅದರೊಂದಿಗೆ, ಬದಲಿ ಮಾರ್ಗವನ್ನು ಬೆಂಬಲಿಸುವ ನಿರ್ಣಯವೊಂದನ್ನು ಸಾಮಾನ್ಯ ಸಭೆಯಲ್ಲಿ ಅಂಗೀಕರಿಸುವಂತೆ ಆ ಸದಸ್ಯರನ್ನೇ ಕೋರಿ, ಅದರ ನಕಲು 60 ದಿನಗಳೊಳಗೆ ಪ್ರಾಧಿಕಾರಕ್ಕೆ ತಲುಪುವಂತೆ ನೋಡಿಕೊಳ್ಳಿ. ಸಭೆಯ ಕಾರ್ಯಸೂಚಿಗೆ ವಿಷಯ ಸೇರಿಸಲು ಸಮಯ ಹಿಡಿಯುವುದರಿಂದ ಈ ವಾರವೇ ಹೋಗಿ ಮಾತನಾಡುವುದು ಒಳ್ಳೆಯದು.