ಬೇಲ್, ಮರ್ದುಕ್: ಇಬ್ಬರು ದೇವರೋ, ಒಬ್ಬನೋ?

ಗೆಳೆಯರೇ,

ಈಗಿನ ಇರಾಕಿನಲ್ಲಿದ್ದ ಪ್ರಾಚೀನ ಬ್ಯಾಬಿಲೋನಿನ ಮುಖ್ಯ ದೇವರು ಬೇಲೋ ಮರ್ದುಕೋ ಎಂಬ ಪ್ರಶ್ನೆ ಬಂದಿತ್ತಲ್ವಾ? ಇಬ್ಬರೂ ಒಬ್ಬನೇ. ಮರ್ದುಕ್ ಎಂಬುದು ಹೆಸರು, ಬೇಲ್ ಎಂಬುದು ಬಿರುದು. ಅಲ್ಲಿನ ಅಕ್ಕಾಡಿಯನ್ ಭಾಷೆಯಲ್ಲಿ 'ಬೇಲು' ಅಂದರೆ ಒಡೆಯ. ಮನೆಯ ಯಜಮಾನನಿಗೂ ಅದೇ ಮಾತು. ಆದರೆ ಬ್ಯಾಬಿಲೋನಿನ ಜನ ಬರೀ 'ಬೇಲ್' ಅಂದರೆ ಅದು ಮರ್ದುಕನೇ. ಕಾನಾನಿನ 'ಬಾಳ್' ಕೂಡ ಇದೇ ಮಾತಿನ ಇನ್ನೊಂದು ರೂಪ. ದೇವರು ಮಾತ್ರ ಬೇರೆ.

ಗೊಂದಲಕ್ಕೆ ಬೈಬಲೂ ಒಂದು ಕಾರಣ ಇರಬೇಕು. ಅದರ ಯೆರೆಮೀಯನ ಪುಸ್ತಕದ 50ನೇ ಅಧ್ಯಾಯದ ಆರಂಭದಲ್ಲಿ ಬೇಲ್, ಮೆರೋದಾಕ್ (ಮರ್ದುಕ್ ಹೆಸರಿನ ಹೀಬ್ರೂ ರೂಪ) ಎರಡೂ ಅಕ್ಕಪಕ್ಕ ಬರುತ್ತವೆ. ಹೀಬ್ರೂ ಪದ್ಯದಲ್ಲಿ ಒಂದೇ ವಿಷಯವನ್ನು ಎರಡು ಸಲ ಬೇರೆ ಮಾತಿನಲ್ಲಿ ಹೇಳುವ ರೂಢಿ ಇದೆ. ಅಲ್ಲಿ ಆಗಿರುವುದೂ ಅದೇ. ಬೈಬಲಿನಲ್ಲಿ ಬರುವ ಬ್ಯಾಬಿಲೋನಿನ ಬೇಲ್ಶಚ್ಚರ ಎಂಬವನ ಹೆಸರಿನಲ್ಲೂ ಈ ಬೇಲ್ ಇದ್ದಾನೆ: 'ಬೇಲನೇ, ದೊರೆಯನ್ನು ಕಾಪಾಡು'. ಅದೇ ಬೈಬಲಿನ ಎವೀಲ್ ಮೆರೋದಾಕ್ ಎಂಬ ದೊರೆಯ ಹೆಸರು ಅಕ್ಕಾಡಿಯನ್ ಮೂಲದಲ್ಲಿ ಅಮೇಲ್ ಮರ್ದುಕ್, ಅಂದರೆ ಮರ್ದುಕನ ಮನುಷ್ಯ. ಆ 'ಎವೀಲ್'ಗೂ ಕೆಟ್ಟದ್ದು ಎನ್ನುವ ಇಂಗ್ಲಿಷಿನ 'ಈವಿಲ್'ಗೂ ಯಾವ ಸಂಬಂಧವೂ ಇಲ್ಲ.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಈ ಬಿರುದು ಬಂದ ದಾರಿ. ಮೊದಲು ದೇವತೆಗಳ ದೊರೆ ಮರ್ದುಕ್ ಅಲ್ಲ, ನಿಪ್ಪುರ್ ಪಟ್ಟಣದ ಎನ್ಲಿಲ್. ಮರ್ದುಕ್ ಆಗ ಬ್ಯಾಬಿಲೋನಿನ ಊರ ದೇವರು, ಅಷ್ಟೇ. ಊರು ದೊಡ್ಡದಾದ ಹಾಗೆ ದೇವರೂ ದೊಡ್ಡವನಾದ. ಕ್ರಿ.ಪೂ. 18ನೇ ಶತಮಾನದ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದ ಮೊದಲಲ್ಲೇ, ಆಕಾಶದೇವ ಅನು ಮತ್ತು ಎನ್ಲಿಲ್ ಸೇರಿ ಎಲ್ಲ ಜನರ ಮೇಲಿನ 'ಎಲ್ಲಿಲೂತು'ವನ್ನು, ಅಂದರೆ ಎನ್ಲಿಲನ ಅಧಿಕಾರವನ್ನು, ಮರ್ದುಕನಿಗೆ ಕೊಟ್ಟರು ಎಂದಿದೆ. ಎನ್ಲಿಲನ ಹೆಸರೇ ಇಲ್ಲಿ ಒಂದು ಹುದ್ದೆಯ ಹೆಸರಾಗಿದೆ. ಇದು ನಮಗೆ ಹೊಸದಲ್ಲ. ಇಂದ್ರಪದವಿ ಅನ್ನುತ್ತೇವೆ, ಆ ಪದವಿಯಲ್ಲಿ ಯಾರು ಬೇಕಾದರೂ ಕೂರಬಹುದು.

ಏಳು ಮಣ್ಣಿನ ಫಲಕಗಳ 'ಎನೂಮಾ ಎಲಿಶ್' ಕಾವ್ಯ ಇದನ್ನು ಪೂರ್ತಿ ಕಥೆಯಾಗಿಯೇ ಹೇಳುತ್ತದೆ. ಮರ್ದುಕ್ ಕಡಲ ತಾಯಿ ತಿಯಾಮತ್‌ಳನ್ನು ಕೊಂದು, ಒಣಮೀನಿನಂತೆ ಎರಡಾಗಿ ಸೀಳಿ, ಒಂದು ಪಾಲಿನಿಂದ ಆಕಾಶ ಮಾಡುತ್ತಾನೆ. ಅವಳ ಪಕ್ಷದ ಕಿಂಗು ಎಂಬವನ ರಕ್ತದಿಂದ ಮನುಷ್ಯರು ಹುಟ್ಟುತ್ತಾರೆ, ದೇವರುಗಳ ಚಾಕರಿಗೆ. ಕೊನೆಯಲ್ಲಿ ದೇವತೆಗಳು ಮರ್ದುಕನನ್ನು 50 ಹೆಸರುಗಳಿಂದ ಕರೆಯುತ್ತಾರೆ. ಆಗ ಎನ್ಲಿಲ್ ಕೊಡುವುದು ತನ್ನದೇ ಬಿರುದು: 'ಬೇಲ್ ಮಾತಾತಿ', ನಾಡುಗಳ ಒಡೆಯ.

ದಿನಬಳಕೆಯಲ್ಲಿ ಈ ಮಾತು ಹೇಗಿತ್ತು ಅನ್ನುವುದಕ್ಕೆ ಅಕೀತು ಹಬ್ಬ ನೋಡಬೇಕು. ಅದು ವಸಂತದ ನೀಸಾನ್ ತಿಂಗಳಲ್ಲಿ ಬರುವ ಹೊಸವರ್ಷದ ಹಬ್ಬ. ಐದನೆಯ ದಿನ ದೊರೆ ಮರ್ದುಕನ ಎಸಗಿಲ ಗುಡಿಗೆ ಬರುತ್ತಾನೆ. ಅರ್ಚಕ ಅವನ ರಾಜದಂಡ, ಕಿರೀಟ ಎಲ್ಲ ಕಳಚಿ ಒಳಗೆ ಇಡುತ್ತಾನೆ. ಕೆನ್ನೆಗೆ ಹೊಡೆಯುತ್ತಾನೆ. ಕಿವಿ ಹಿಡಿದು ದೇವರ ಮುಂದೆ ಮಂಡಿಯೂರಿಸುತ್ತಾನೆ. ತಾನು ತಪ್ಪು ಮಾಡಿಲ್ಲ, ಬ್ಯಾಬಿಲೋನನ್ನು ಹಾಳು ಮಾಡಿಲ್ಲ ಎಂದು ದೊರೆ ಒಪ್ಪಿಸಬೇಕು. ರಾಜಚಿಹ್ನೆ ವಾಪಸ್ ಕೊಟ್ಟ ಮೇಲೆ ಇನ್ನೊಂದು ಏಟು. ಕಣ್ಣೀರು ಬಂದರೆ ಬೇಲ್ ಒಲಿದ. ಬಾರದಿದ್ದರೆ ಬೇಲ್ ಸಿಟ್ಟಾಗಿದ್ದಾನೆ, ಶತ್ರು ಎದ್ದು ಬರುತ್ತಾನೆ. ಆಮೇಲೆ ಬ್ಯಾಬಿಲೋನಿನ ನಬೋನಿಡಸ್ ದೊರೆ ಅರಬ್ಬೀ ನಾಡಿನ ತೈಮಾದಲ್ಲಿ ವರ್ಷಗಟ್ಟಲೆ ಕೂತಾಗ, ಈ ಹಬ್ಬವೇ ನಿಂತುಹೋಯಿತು. ಆ ಕಾಲದ ವರ್ಷವಾರು ದಾಖಲೆಯಲ್ಲಿ ಇರುವ ಮಾತು: ಬೇಲ್ ಹೊರಗೆ ಬರಲಿಲ್ಲ. ಅಂದರೆ ಅವನ ಮೂರ್ತಿಯ ಮೆರವಣಿಗೆ ನಡೆಯಲಿಲ್ಲ. ಮರ್ದುಕ್ ಎಂದು ಬರೆಯುವ ಅಗತ್ಯವೇ ಅವರಿಗೆ ಬಿದ್ದಿಲ್ಲ.

ಹಾಗಾಗಿ ಇವನ್ನೆಲ್ಲ ಕನ್ನಡಕ್ಕೆ ತರುವಾಗ ನನ್ನ ಸಲಹೆ: ದೇವರ ಹೆಸರು ಮರ್ದುಕ್ ಎಂದೇ ಇರಲಿ. ವ್ಯಕ್ತಿನಾಮಗಳ ಒಳಗೆ ಬೇಲ್ ಉಳಿಯಲಿ. ಉಳಿದ ಕಡೆ 'ಒಡೆಯ' ಸಾಕು. ಕೆಲವರು ಬರೆಯುವ 'ಮಾರ್ಡುಕ್' ಬೇಡ. ಮೂಲದಲ್ಲಿ ಇರುವುದು ದಕಾರ, ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವೂ ಇದೆ. ಬೈಬಲ್ ಅನುವಾದಕರು ಮೆರೋದಾಕದಲ್ಲಿ ಇದನ್ನು ಸರಿಯಾಗಿಯೇ ಉಳಿಸಿದ್ದಾರೆ.

ನಾನು ಕೇಳಬೇಕಾಗಿರುವುದು 'ಎಲ್ಲಿಲೂತು' ಬಗ್ಗೆ. 'ಒಡೆತನ' ಅಂದರೆ ಈಗ ಜಮೀನು, ಸೈಟಿನ ನೆನಪೇ ಮೊದಲು ಬರುತ್ತದೆ. ಸದ್ಯಕ್ಕೆ 'ಎನ್ಲಿಲ್ ಪದವಿ' ಎಂದು ಬರೆಯುತ್ತಿದ್ದೇನೆ. ವಚನಗಳಲ್ಲಿ ಬ್ರಹ್ಮಪದವಿ, ವಿಷ್ಣುಪದವಿ ಸಿಗುತ್ತವೆ. ಜನಪದ ಹಾಡುಗಳಲ್ಲೋ ಯಕ್ಷಗಾನದ ಮಾತಿನಲ್ಲೋ, 'ಪದವಿ' ಸೇರಿಸದೆ ಬರೀ ದೇವರ ಹೆಸರಿಂದಲೇ ಹುದ್ದೆಯನ್ನು ಹೇಳುವ ಬಳಕೆ ಗೊತ್ತಿದ್ದರೆ ದಯವಿಟ್ಟು ಸಾಲುಸಮೇತ ತಿಳಿಸಿ.