ಅಪ್‌ಡೇಟ್: ಎದೆಯಲ್ಲಿ ಗಡ್ಡೆ, ಅಂಗಾತ ಮಲಗಲಾಗದ ಮಗು; ಸ್ಯಾಂಪಲ್ ಎಲ್ಲಿಂದ?

ಮೂಲ ಪ್ರಶ್ನೆ: ಎದೆಯ ಮುಂಭಾಗದ ದೊಡ್ಡ ಗಡ್ಡೆಯಿಂದ, ಮಲಗಿದರೆ ಉಸಿರು ಕಟ್ಟುವ ಮಗುವಿಗೆ ಪೂರ್ಣ ಅರಿವಳಿಕೆ ಕೊಟ್ಟು ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಪರೀಕ್ಷೆ) ಮಾಡಬಹುದೇ? ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಸಲಹೆಗಳನ್ನೆಲ್ಲ ಸೇರಿಸಿ ವಾರ್ಡಿಗೆ ಬರೆದಿಟ್ಟ ಕ್ರಮ ಇದು.

ಗಡ್ಡೆಗೆ ಸೂಜಿ ಹಾಕುವುದು ಕೊನೆಯ ದಾರಿ. ಮೊದಲು ರಕ್ತ: ಸಿಬಿಸಿ (ರಕ್ತಕಣಗಳ ಎಣಿಕೆ), ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು), ಕಣಗಳು ಒಡೆಯುತ್ತಿದ್ದರೆ ಏರುವ ಎಲ್‌ಡಿಎಚ್, ಯೂರಿಕ್ ಆಮ್ಲ, ಪೊಟ್ಯಾಶಿಯಂ, ಮತ್ತು ಕೆಲವು ಬಗೆಯ ಗಡ್ಡೆಗಳ ಗುರುತಾದ ಎಎಫ್‌ಪಿ, ಬೀಟಾ ಎಚ್‌ಸಿಜಿ. ಸ್ಮಿಯರಿನಲ್ಲಿ ಬ್ಲಾಸ್ಟ್ (ರಕ್ತದ ಕ್ಯಾನ್ಸರಿನಲ್ಲಿ ಕಾಣುವ ಬಲಿಯದ ಕಣ) ಕಂಡರೆ, ಕಣಗಳ ಬಗೆ ಗುರುತಿಸುವ ಫ್ಲೋ ಸೈಟೊಮೆಟ್ರಿ ಪರೀಕ್ಷೆಗೆ ಅದೇ ರಕ್ತ ಸಾಕಾಗಬಹುದು. ಶ್ವಾಸಕೋಶದ ಸುತ್ತ ನೀರಿದ್ದರೆ ಮಗುವನ್ನು ಕೂರಿಸಿಯೇ, ಲಿಗ್ನೊಕೇನ್ (ಆ ಜಾಗವನ್ನಷ್ಟೇ ಮರಗಟ್ಟಿಸುವ ಮದ್ದು) ಕೊಟ್ಟು, ಅಲ್ಟ್ರಾಸೌಂಡ್ ನೋಡಿಕೊಂಡು ತೆಗೆಯಿರಿ. ಉಸಿರೂ ಹಗುರಾಗುತ್ತದೆ, ರೋಗವೂ ಗೊತ್ತಾಗಬಹುದು. ಇಲ್ಲವಾದರೆ ಕುತ್ತಿಗೆಯ ಗ್ರಂಥಿ ಅಥವಾ ಅಸ್ಥಿಮಜ್ಜೆ, ಅದೂ ಸ್ಥಳೀಯ ಅರಿವಳಿಕೆಯಲ್ಲೇ.

ಪೂರ್ಣ ಅರಿವಳಿಕೆಗೆ ಇಷ್ಟು ಹೆದರುವುದೇಕೆ? ಸ್ನಾಯು ಸಡಿಲವಾದೊಡನೆ ಗಡ್ಡೆಯ ಭಾರ ಶ್ವಾಸನಾಳದ ಮೇಲೆ ಬೀಳುತ್ತದೆ. ಒತ್ತಡ ನಾಳ ಕವಲೊಡೆಯುವ ಜಾಗಕ್ಕಿಂತ ಕೆಳಗಿದ್ದರೆ ಟ್ಯೂಬ್ ಹಾಕಿದರೂ ಗಾಳಿ ಹೋಗದು. ಸಿಟಿ ಸ್ಕ್ಯಾನಿನಲ್ಲಿ ಶ್ವಾಸನಾಳದ ಅಡ್ಡಳತೆಯ ವಿಸ್ತೀರ್ಣ ವಯಸ್ಸಿಗೆ ಇರಬೇಕಾದುದರ 50%ಕ್ಕಿಂತ ಕಡಿಮೆಯಿದ್ದರೆ ಅಪಾಯ ಹೆಚ್ಚು. ಸಿಟಿಗೂ ಅಂಗಾತ ಮಲಗಿಸಲೇಬೇಕೆಂದಿಲ್ಲ. ಪಕ್ಕಕ್ಕೆ ಅಥವಾ ಬೋರಲು ಮಲಗಿಸಬಹುದು. ಮುಖ, ಕುತ್ತಿಗೆ ಊದಿದ್ದರೆ ಗಡ್ಡೆ ಎದೆಯ ಮೇಲ್ಭಾಗದ ದೊಡ್ಡ ರಕ್ತನಾಳವನ್ನು ಒತ್ತಿರಬಹುದು; ಐವಿ (ರಕ್ತನಾಳಕ್ಕೆ ಮದ್ದು ಕೊಡುವ ಸೂಜಿ) ಕಾಲಿಗೆ ಹಾಕಿ.

ಸ್ಟೀರಾಯ್ಡ್ ವಿಷಯವನ್ನು ಒತ್ತಿ ಹೇಳಬೇಕು. ಎಕ್ಸ್‌ರೇ ತೆಗೆಯದೆ ಆಸ್ತಮಾ ಎಂದು ಕೊಟ್ಟರೆ, ಗಡ್ಡೆ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಆಗಿದ್ದಲ್ಲಿ ಅದು ಕರಗತೊಡಗಿ ರೋಗನಿರ್ಣಯವೇ ಮಸುಕಾಗುತ್ತದೆ, ಟ್ಯೂಮರ್ ಲೈಸಿಸ್ (ಕ್ಯಾನ್ಸರ್ ಕಣಗಳು ಒಮ್ಮೆಲೇ ಒಡೆದು ರಕ್ತದಲ್ಲಿ ಪೊಟ್ಯಾಶಿಯಂ, ಯೂರಿಕ್ ಆಮ್ಲ ಏರುವುದು) ಕೂಡ ಶುರುವಾಗಬಹುದು. ಆದರೆ ಉಸಿರು ನಿಲ್ಲುವ ಹಂತದಲ್ಲಿದ್ದರೆ ಸ್ಯಾಂಪಲ್‌ಗಾಗಿ ಕಾಯಬೇಡಿ: ಮಕ್ಕಳ ಕ್ಯಾನ್ಸರ್ ತಜ್ಞರಿಗೆ ಫೋನ್ ಮಾಡಿ, ಸ್ಟೀರಾಯ್ಡ್ ಆರಂಭಿಸಿ, 24ರಿಂದ 48 ಗಂಟೆಯೊಳಗೆ ಸ್ಯಾಂಪಲ್ ತೆಗೆಯಿರಿ.